ಹಳೆಯ ಸೈಕಲ್ಲಿನ ಕ್ರಯ

(ಆಕಾಶವಾಣಿ ಭಾಷಣ)

ನಮ್ಮ ಬೀದರ ಜಿಲ್ಲೆಯ ಕಡೆ ಗುಜರಿ ಸಾಮಾನಿಗೆ ಭಂಗಾರ ಎನ್ನುತ್ತಾರೆ. ನೆರೆಯ ಭಾಷೆಗಳಿಂದ ಬಂದು ನಮ್ಮದಾಗಿರುವ ಮಾತು. ಬೆಳಿಗ್ಗೆ ಓಣಿಯಲ್ಲಿ ಕೈಗಾಡಿಯವನು ಕೂಗುತ್ತ ಬಂದರೆ, ದಕ್ಷಿಣದ ಜಿಲ್ಲೆಗಳಿಂದ ಹೊಸದಾಗಿ ವರ್ಗವಾಗಿ ಬಂದವರಿಗೆ ಅವನು ಚಿನ್ನವನ್ನೇ ಕೇಳುತ್ತಿದ್ದಾನೆಂಬ ಭ್ರಮೆಯಾಗುವುದುಂಟು. ಬಂಗಾರಕ್ಕೂ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಅದನ್ನೂ ನಾವು ಮಾತಿನ ಭರದಲ್ಲಿ ನುಂಗಿಬಿಡುತ್ತೇವೆ. ಹಳೆಯ ಪದಾರ್ಥವೊಂದನ್ನು ಮಾರಲು ಹೊರಟವನ ಕಷ್ಟವೆಲ್ಲ ಈ ಒಂದಕ್ಷರದಲ್ಲಿ ಅಡಗಿದೆ. ಮನೆಯವರಿಗೆ ಅದು ಬಂಗಾರ, ಕೈಗಾಡಿಯವನಿಗೆ ಭಂಗಾರ. ಎರಡರ ನಡುವೆ ಬೆಲೆ ಎಲ್ಲಿ ನಿಲ್ಲಬೇಕು, ಅದನ್ನು ಅಲ್ಲಿ ನಿಲ್ಲಿಸುವುದು ಯಾವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಸೈಕಲ್ಲಿನ ದೆಸೆಯಿಂದ. ಹುಮನಾಬಾದಿನಲ್ಲಿ ನನ್ನ ಸೋದರಮಾವನ ಮನೆಯ ಪಡಸಾಲೆಯ ಹಿಂದೆ, ಕಟ್ಟಿಗೆ ಒಟ್ಟುವ ಜಾಗದಲ್ಲಿ, ಅದು ಬಹಳ ವರ್ಷಗಳಿಂದ ನಿಂತಿತ್ತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ತಯಾರಾದ ರ‍್ಯಾಲಿ. ರಸ್ತೆಯ ದೂರ ಪ್ರಯಾಣಕ್ಕೆಂದೇ ಮಾಡಿದ ಎತ್ತರದ ಕರಿಯ ಗಾಡಿ. ಮಾವ ಕಾಲವಾದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮನೆಯ ಹಿಂಬದಿಯ ಮಾಳಿಗೆಯನ್ನು ಬಿಚ್ಚಿ ಕಟ್ಟಿಸಬೇಕಾಗಿ ಬಂದಾಗ ಅತ್ತೆ ನನ್ನನ್ನು ಬಸವಕಲ್ಯಾಣದಿಂದ ಕರೆಸಿ, ಅದರ ವಿಲೇವಾರಿಯನ್ನು ನನಗೆ ಒಪ್ಪಿಸಿದರು. ಒಡೆತನ ಅವರದು, ಓಡಾಟ ನನ್ನದು.

ಮಾವನವರು ಅದರ ರಸೀದಿಯನ್ನು ಕಾಪಾಡಿಕೊಂಡು ಬಂದಿದ್ದರು. ಹೈದರಾಬಾದಿನ ಅಂಗಡಿಯೊಂದರ ರಸೀದಿ. ಬರಹ ಉರ್ದು, ಬೆಲೆ ಹಾಲಿ ಸಿಕ್ಕಾದಲ್ಲಿ, ವರ್ಷ 1356 ಫಸಲಿ. ಇಂದಿನ ಎಳೆಯರಿಗೆ ಈ ಮೂರೂ ಒಗಟುಗಳೇ. ನಿಜಾಮ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ, ಅಂದರೆ ನಮ್ಮ ಹಿರಿಯರು ಕಲದಾರ ಎನ್ನುತ್ತಿದ್ದುದು, ಸಿಕ್ಕುತ್ತಿತ್ತು. ಸರಕಾರದ ಲೆಕ್ಕಪತ್ರ ನಡೆಯುತ್ತಿದ್ದುದು ಫಸಲಿ ವರ್ಷದಲ್ಲಿ. ಆ ವರ್ಷ ಅಕ್ಟೋಬರ್ ಮೊದಲಲ್ಲಿ ಹುಟ್ಟುತ್ತಿತ್ತು. ಆ ಸಂಖ್ಯೆಗೆ 590 ಕೂಡಿಸಿದರೆ ಕ್ರಿಸ್ತಶಕದ ವರ್ಷದ ಆರಂಭ ದೊರೆಯುತ್ತದೆ. ಹಾಗಾಗಿ ಈ ಸೈಕಲ್ಲು ನಮ್ಮ ಊರಿಗೆ ಬಂದದ್ದು 1946-47ರಲ್ಲಿ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ಹಾಯ್ದು ಹೋಗುತ್ತದೆ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ನಡೆದು ಬಂದ ದಾರಿಯೂ ಅದೇ. ಆ ದಾರಿಯಲ್ಲಿ ರಾಜೇಶ್ವರವನ್ನು ದಾಟಿ, ಕಲ್ಯಾಣದ ಅಡ್ಡರಸ್ತೆಗೆ ತಿರುಗಿ, ಸುಮಾರು 30 ಕಿಲೋಮೀಟರು ತುಳಿದುಕೊಂಡು ಮಾವ ನಮ್ಮ ಮನೆಗೆ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆದರೆ ನನ್ನ ನೆನಪು ಕೊಳ್ಳುವವನಿಗೆ ಏತಕ್ಕೆ? ಮಾರುವವರು ಮೊಟ್ಟಮೊದಲು ತಮ್ಮ ನೆನಪಿಗೆ ಬೆಲೆ ಕಟ್ಟುವುದನ್ನು ಬಿಡಬೇಕು. ಅದು ಮಾರಿದ ಮೇಲೂ ನಮ್ಮಲ್ಲಿಯೇ ಉಳಿಯತಕ್ಕದ್ದು. ಉಳಿಯುವ ವಸ್ತುವಿಗೆ ಹಣ ಕೇಳುವುದು ನ್ಯಾಯವಲ್ಲ.

ಹಾಗಾದರೆ ಕೊಳ್ಳುವವನಿಗೆ ಸಲ್ಲುವುದು ಏನು? ಪೇಟೆಯ ಒಬ್ಬ ಹಳೆಯ ಸೈಕಲ್ ಮಿಸ್ತ್ರಿಯನ್ನು ಮನೆಗೆ ಕರೆತಂದು ತೋರಿಸಿದೆ. ಅವರು ಗಾಡಿಯನ್ನು ಅಂಗಳಕ್ಕೆ ತಂದು, ತಲೆಕೆಳಗು ಮಾಡಿ ನಿಲ್ಲಿಸಿ, ಅರ್ಧ ತಾಸು ಮಾತಾಡದೆ ನೋಡಿದರು. ಆ ನೋಟದ ಕ್ರಮವನ್ನು ಕೇಳುಗರಿಗೆ ಹೇಳಲೇಬೇಕು. ಇಂಥ ಗಾಡಿ ಇನ್ನೂ ಹಲವು ಮನೆಗಳ ಅಟ್ಟದಲ್ಲಿ ಇದೆ.

ಮೊದಲು ತುಕ್ಕು. ತುಕ್ಕಿನಲ್ಲಿ ಜಾತಿಗಳುಂಟು. ಮೇಲೆ ಕೆಂಪಗೆ ಹಬ್ಬಿದ್ದು, ಎಣ್ಣೆ ಹಚ್ಚಿ ಉಜ್ಜಿದರೆ ಹೋಗುವುದು, ನೋಡುವುದಕ್ಕೆ ಭಯಂಕರ, ವಾಸ್ತವವಾಗಿ ನಿರುಪದ್ರವಿ. ಲೋಹವನ್ನು ಕೊರೆದು ಸಣ್ಣ ಕುಳಿಗಳನ್ನು ಮಾಡಿದ್ದು ಎರಡನೆಯದು. ಇದು ಗಾಲಿಯ ರಿಮ್ಮಿನಲ್ಲಿದ್ದರೆ ಬ್ರೇಕು ಸಮನಾಗಿ ಹಿಡಿಯುವುದಿಲ್ಲ. ಒಳಗಿನಿಂದಲೇ ಕೊಳವೆಯನ್ನು ತಿನ್ನುವುದು ಮೂರನೆಯದು. ಹೊರಗೆ ಬಣ್ಣ ನೆಟ್ಟಗೇ ಇರುತ್ತದೆ. ಅದಕ್ಕಾಗಿ ಮಿಸ್ತ್ರಿ ಚೌಕಟ್ಟಿನ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು, ಮಡಕೆ ಕೊಳ್ಳುವವರು ತಟ್ಟುವಂತೆ. ದನಿ ಖಣಿಲೆಂದಿತು. ಬಳಿಕ ಪೆಡಲಿನ ದಂಡಗಳು. ಹಳೆಯ ಗಾಡಿಗಳಲ್ಲಿ ಇವನ್ನು ಅಚ್ಚಿಗೆ ಬಿಗಿಯುವುದು ಕಾಟರ್ ಪಿನ್ನೆಂಬ ಸಣ್ಣ ಬೆಣೆ. ವರ್ಷಗಟ್ಟಲೆ ಅಲುಗಾಡದೆ ಕೂತ ಬೆಣೆಯನ್ನು ಸುತ್ತಿಗೆಯಿಂದ ಹೊಡೆದು ತೆಗೆಯಲು ಹೋಗಿ ಅಚ್ಚನ್ನೇ ಕೆಡಿಸಿಕೊಂಡವರು ಬಹಳ. ಇನ್ನೊಂದು ಸೂಕ್ಷ್ಮವುಂಟು. ಇಂಗ್ಲೆಂಡಿನ ಉಳಿದ ತಯಾರಕರು ಸಾಮಾನ್ಯವಾಗಿ ಅಂಗುಲಕ್ಕೆ 24 ಎಳೆಯ ತಿರುಪು ಕೊರೆಯುತ್ತಿದ್ದಾಗ ರ‍್ಯಾಲಿಯವರು ತಮ್ಮ ಗಾಡಿಯ ಮುಖ್ಯ ಸಂದುಗಳಿಗೆ 26 ಎಳೆಯದನ್ನು ಕೊರೆಯುತ್ತಿದ್ದರು. ಎರಡೇ ಎಳೆಯ ವ್ಯತ್ಯಾಸ, ಕಣ್ಣಿಗೆ ಕಾಣದು. ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಎರಡೂ ಕೆಡುತ್ತವೆ.

ಸಂತೋಷದ ಸಂಗತಿಗಳೂ ಇದ್ದುವು. ನೊಗದಷ್ಟು ಅಗಲದ ಹ್ಯಾಂಡಲ್ಲಿನಿಂದ ಕಡ್ಡಿಗಳ ಮೂಲಕ ಎಳೆಯುವ ಬ್ರೇಕು ಪೂರ್ತಿ ಉಳಿದಿತ್ತು. ಚೈನು ಸುತ್ತುವ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಗಳನ್ನು ಕೊರೆದಿರುವುದು ಈ ಮನೆತನದ ಲಾಂಛನ, ಅದೂ ಸರಿಯಾಗಿತ್ತು. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ ಎಂಬ ಹಳೆಯ ಇಂಗ್ಲಿಷ್ ಲೆಕ್ಕವನ್ನು ನಮ್ಮ ದೇಶದ ಕರಿಯ ಸೈಕಲ್ಲುಗಳು ಹಾಗೆಯೇ ಮುಂದುವರಿಸಿವೆ. ಟಯರಿನ ಅಳತೆಯೂ ಅದೇ, 28 ಅಂಗುಲಕ್ಕೆ ಒಂದೂವರೆ. ಇದರಿಂದಾದ ಪ್ರಯೋಜನವನ್ನು ನೋಡಿ. 1888ರಲ್ಲಿ ನಾಟಿಂಗ್‌ಹ್ಯಾಮಿನ ರ‍್ಯಾಲಿ ಬೀದಿಯ ಸಣ್ಣ ಕಾರ್ಖಾನೆಗೆ ಫ್ರ್ಯಾಂಕ್ ಬೌಡನ್ ಕೈಹಾಕಿ ಬೆಳೆಸಿದ ಉದ್ಯಮವದು. 2002ರಲ್ಲಿ ಆ ಪಟ್ಟಣದಲ್ಲಿ ಸೈಕಲ್ಲು ತಯಾರಿಸುವುದೇ ನಿಂತುಹೋಯಿತು. ಆದರೂ ಅಲ್ಲಿಂದ ಬಂದ ಗಾಡಿಗೆ ಹೊಸ ಟಯರು ಬೇಕೆಂದರೆ ನಮ್ಮ ಕಡೆಯ ಸೈಕಲ್ಲಂಗಡಿಗೆ ಹೋದರೆ ಸಾಕು. ತವರು ಅಳಿದ ಮೇಲೂ ಸೊಸೆಗೆ ಅತ್ತೆಮನೆಯಲ್ಲಿ ಉಡಲು ಕೊರತೆಯಿಲ್ಲ!

ಚರ್ಮದ ಸೀಟು ಮಾತ್ರ ಹೋಗಿತ್ತು. ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ ಮನೆಯವರು 1866ರಿಂದ ಚರ್ಮದ ಕೆಲಸಕ್ಕೆ ಹೆಸರಾದವರು. ಅವರ ಸೀಟು ಸವಾರನ ಮೈಗೆ ಹೊಂದಿಕೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆ, ಹೊಂದಿಕೊಂಡ ಮೇಲೆ ಬೇರೊಬ್ಬರದಾಗಲು ಒಪ್ಪುವುದಿಲ್ಲ ಎನ್ನುತ್ತಾರೆ. ಎಣ್ಣೆ ಕಾಣದೆ ಒಣಗಿ, ಮುಂದಿನ ಮೊಳೆಗಳ ಬಳಿ ಹರಿದುಹೋಗಿತ್ತು. ಅದಕ್ಕಿಂತ ಗಂಭೀರವಾದದ್ದು ಕೊನೆಯಲ್ಲಿ ಕಂಡಿತು. ಮುಂದಿನ ಗಾಲಿಯನ್ನು ಹಿಡಿದಿರುವ ಕವೆಗೆ ನಮ್ಮ ಮಿಸ್ತ್ರಿಗಳು ಚಿಮಟಾ ಎನ್ನುತ್ತಾರೆ. ಅದರ ಎಡಗಾಲು ಮೇಲಿನ ಕಿರೀಟವನ್ನು ಸೇರುವಲ್ಲಿ ಎಂದೋ ಹಾಕಿಸಿದ ಹಿತ್ತಾಳೆಯ ಬೆಸುಗೆಯಿತ್ತು; ಬೆಸುಗೆಯ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿತ್ತು.

ಗಾಡಿಗೆ ಕರಿಯ ಬಣ್ಣ ಹೊಡೆಸಿದರೆ ಹೇಗೆ ಎಂದು ಅಲ್ಲಿದ್ದ ನೆಂಟರೊಬ್ಬರು ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆಯೇ. ಮಿಸ್ತ್ರಿಯ ಉತ್ತರವನ್ನು ಅವರ ಮಾತಿನಲ್ಲೇ ಹೇಳುತ್ತೇನೆ: “ಬಣ್ಣ ಹಚ್ಚಿದ್ರ ನೋಡ್ಲಾಕ ಛಂದ ಕಾಣ್ತದ ಸರ್. ಖರೆ, ಬಿರುಕೂ ಮುಚ್ಚಿ ಹೋಗ್ತದ.”

ಈ ಮಾತಿನಲ್ಲಿ ಎರಡು ಶಾಸ್ತ್ರಗಳು ಕೂಡಿವೆ. ಒಂದು ಹಳೆಯ ವಸ್ತುಗಳ ಶಾಸ್ತ್ರ. ಇಂಥ ಗಾಡಿಯನ್ನು ಅರಿತು ಕೊಳ್ಳುವವನು ಬಯಸುವುದು ಕಾರ್ಖಾನೆಯಲ್ಲಿ ಬೇಯಿಸಿ ಹಾಕಿದ ಮೂಲ ಬಣ್ಣವನ್ನು, ಅದರ ಮೇಲೆ ಎಳೆದ ಚಿನ್ನದ ಗೆರೆಗಳನ್ನು. ಅವು ಅರ್ಧ ಮಾಸಿದ್ದರೂ ಚಿಂತೆಯಿಲ್ಲ. ಹೊಸ ಬಣ್ಣ ಬಳಿದ ದಿನ ಅವನ್ನು ಮತ್ತೆ ಬರದಂತೆ ಅಳಿಸಿದಂತಾಯಿತು. ಜೀರ್ಣೋದ್ಧಾರ ಬೇಕಾದ ಗಾಡಿಯನ್ನು ಅರೆಬರೆ ಉದ್ಧಾರ ಮಾಡಿ ಮಾರುವುದಕ್ಕಿಂತ ಜೀರ್ಣವಾಗಿಯೇ ಮಾರುವುದು ಲೇಸು. ದೇವಾಲಯಗಳಿಗೆ ಸುಣ್ಣ ಬಳಿದು ಶಿಲ್ಪದ ಮೂಗು ಮುಚ್ಚಿದ ನಮ್ಮ ನಾಡಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಾರುವ ಮುನ್ನ ಮಾಡಬಹುದಾದದ್ದು ಧೂಳು ಒರೆಸಿ, ಒದ್ದೆಯಿಲ್ಲದ ಕಡೆ ನಿಲ್ಲಿಸಿ, ಸಂದುಗಳಿಗೆ ಎಣ್ಣೆ ಬಿಡುವುದು. ಅಷ್ಟೇ.

ಇನ್ನೊಂದು ಧರ್ಮಶಾಸ್ತ್ರ. ಅದು ನನ್ನ ಊರಿನದೇ. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದದ್ದು ಕಲ್ಯಾಣದಲ್ಲಿ, 1076ರಿಂದ 1126ರ ತನಕ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದರ ದಾಯಭಾಗದ ಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಿರುಗಿಸಿದ್ದರಿಂದ ಮಿತಾಕ್ಷರವೆಂದರೆ ಆಸ್ತಿ ಹಂಚುವ ಪುಸ್ತಕವೆಂದೇ ವಕೀಲರೂ ಕಕ್ಷಿಗಾರರೂ ತಿಳಿದಿದ್ದಾರೆ. ಅದರಲ್ಲಿ ಕ್ರಯವಿಕ್ರಯಗಳ ವಿಚಾರವೂ ಇದೆ. ಸೈಕಲ್ಲು ಮಾರುವವನು ಓದತಕ್ಕದ್ದು ಅದನ್ನು. ದೋಷವುಳ್ಳ ವಸ್ತುವನ್ನು ದೋಷವಿಲ್ಲದ್ದೆಂಬಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವೆಂದು ಸ್ಮೃತಿ ವಿಧಿಸುತ್ತದೆ. ದೋಷವುಳ್ಳದ್ದನ್ನು ಮಾರಲೇಬಾರದೆಂದು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅಪರಾಧವಿರುವುದು ಆ ‘ಎಂಬಂತೆ’ಯಲ್ಲಿ. ಕೊಂಡ ಮೇಲೆ ಪರೀಕ್ಷಿಸಿ ನೋಡಲು ಗಡುವುಗಳನ್ನೂ ಕೊಟ್ಟಿದೆ: ಬೀಜಕ್ಕೆ ಹತ್ತು ದಿನ, ಲೋಹಕ್ಕೆ ಒಂದು ದಿನ, ಭಾರ ಹೊರುವ ಎತ್ತು ಮೊದಲಾದುವಕ್ಕೆ ಐದು ದಿನ, ರತ್ನಕ್ಕೆ ಏಳು, ಹಯನಿನ ಪ್ರಾಣಿಗೆ ಮೂರು. ಅದೇ ಸಾಲಿನಲ್ಲಿ ದಾಸನಿಗೆ ಅರ್ಧ ತಿಂಗಳು, ದಾಸಿಗೆ ಒಂದು ತಿಂಗಳು ಎಂದೂ ಇದೆ. ದೋಷ ಮುಚ್ಚಬಾರದೆಂದು ಹೇಳುವ ಗ್ರಂಥದ ದೋಷವನ್ನು ನಾನು ಮುಚ್ಚುವುದು ತರವಲ್ಲ. ಮನುಷ್ಯರನ್ನು ಎತ್ತಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದ ಈ ಲೆಕ್ಕವನ್ನು ಹರಿದುಹಾಕುವವರು ಅದೇ ಊರಿಗೆ ಆ ಶತಮಾನ ಮುಗಿಯುವ ಮೊದಲೇ ಬಂದರು.

ಕಳವಿನ ಮಾಲಿನ ವಿಚಾರದಲ್ಲೂ ಆ ಸ್ಮೃತಿಗೆ ಲೋಕಾನುಭವವುಂಟು. ಇಂಥ ವಸ್ತು ಇರಲು ಸಾಧ್ಯವಿಲ್ಲದವನಿಂದ, ಗುಟ್ಟಾಗಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ಎಣಿಸಬೇಕಂತೆ. ನಮ್ಮ ಕಾಲದ 1930ರ ಸರಕು ಮಾರಾಟದ ಕಾಯಿದೆಯೂ ಒಡೆಯನಲ್ಲದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಡೆತನ ಬಾರದೆಂದೇ ಹೇಳುತ್ತದೆ. ಆದ್ದರಿಂದ ಗಾಡಿಯ ಚೌಕಟ್ಟಿನ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಒರೆಸಿ ಓದಿ, ರಸೀದಿಯೊಡನೆ ತಾಳೆ ನೋಡುವುದು ಇಬ್ಬರಿಗೂ ಕ್ಷೇಮ. ನಮ್ಮದು ತಾಳೆಯಾಯಿತು. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸ್ವಾತಂತ್ರ್ಯಾನಂತರ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆಯವರು ಇದೇ ಹೆಸರಿನ ಸೈಕಲ್ಲುಗಳನ್ನು ಮಾಡುತ್ತಿದ್ದರು, ಒಳ್ಳೆಯ ಗಾಡಿಗಳೇ. ಆದರೆ ಆಸನ್‌ಸೋಲಿನ ಗಾಡಿಯ ಹಣೆಗೆ ನಾಟಿಂಗ್‌ಹ್ಯಾಮಿನ ಬಿಲ್ಲೆ ಅಂಟಿಸಿ ಮಾರುವ ಜಾಣರಿದ್ದಾರೆ. ದೇಶದ ಗಾಡಿಗೆ ದೇಶದ ಹೆಸರೇ ಸಾಕಾಗಿತ್ತು; ಇಂಗ್ಲೆಂಡಿನ ಬಿಲ್ಲೆಗೆ ಹೆಚ್ಚು ಬೆಲೆ ಕೊಡುವ ನಮ್ಮ ಹುಚ್ಚೇ ಈ ಮೋಸವನ್ನು ಸಾಕುತ್ತಿದೆ.

ಮಾರುವ ಸುದ್ದಿ ಹಬ್ಬಿತು. ಕೈಗಾಡಿಯವನು ತೂಕದ ಲೆಕ್ಕದಲ್ಲಿ ಕೆಲವು ನೂರು ರೂಪಾಯಿ ಎಂದ, ಅವನನ್ನು ಬಿಡಿ. ನಿಜವಾದ ಗಿರಾಕಿಗಳು ಇಬ್ಬರು. ಒಬ್ಬರು ಹೈದರಾಬಾದಿನಿಂದ ಕಾರಿನಲ್ಲಿ ಬಂದ ಹೋಟೆಲಿನ ಮಾಲೀಕರು. ಹೋಟೆಲಿನ ಮುಂಗೋಡೆಯ ಮೇಲೆ ದೀಪಗಳ ನಡುವೆ ತೂಗುಹಾಕಲು ಅವರಿಗೆ ಹಳೆಯ ಸೈಕಲ್ಲು ಬೇಕಾಗಿತ್ತು. ಹದಿನೈದು ಸಾವಿರ ಎಂದರು. ಬಿರುಕಿನ ವಿಷಯ ಹೇಳಿದೆ. ನಕ್ಕು, “ಗೋಡೆಯ ಮೇಲಿನ ಸೈಕಲ್ಲಿಗೆ ಬಿರುಕೇನು, ತುಕ್ಕೇನು, ಇದ್ದಷ್ಟೂ ಚೆಂದ” ಎಂದರು. ಇನ್ನೊಬ್ಬ ಬಸವಕಲ್ಯಾಣದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳುವ ತರುಣ. ಹಳೆಯ ಗಾಡಿಗಳನ್ನು ಬಿಚ್ಚಿ ಜೋಡಿಸುವ ಗೀಳು ಅವನಿಗೆ. ಇದನ್ನು ಸರಿಪಡಿಸಿ ದಿನಾ ಶಾಲೆಗೆ ಹೊಡೆದುಕೊಂಡು ಹೋಗುತ್ತೇನೆ ಎಂದ. ಎಂಟು ಸಾವಿರಕ್ಕೆ ಬಂದಿದ್ದವನು, ನಾನು ಬಿರುಕು ತೋರಿಸಿದ ಮೇಲೆ, ಹೊಸ ಕವೆ ಹಾಕಿಸುವ ಖರ್ಚನ್ನು ಲೆಕ್ಕ ಹಾಕಿ ಆರಕ್ಕೆ ಇಳಿದ.

ಸತ್ಯ ಹೇಳುವುದಕ್ಕೆ ಎಲ್ಲ ಕಡೆಯೂ ಒಂದೇ ವೆಚ್ಚ ತಗಲುವುದಿಲ್ಲ ಎಂಬುದು ಆ ದಿನ ನನಗೆ ಸ್ಪಷ್ಟವಾಯಿತು. ಗೋಡೆಗೆ ಹಾಕುವವನ ಮುಂದೆ ಸತ್ಯ ಪುಕ್ಕಟೆ. ತುಳಿಯುವವನ ಮುಂದೆ ಅದಕ್ಕೆ ಎರಡು ಸಾವಿರ. ಆದರೆ ಸುಳ್ಳಿನ ವೆಚ್ಚವನ್ನೂ ಎಣಿಸಬೇಕಲ್ಲ. ಗೋಡೆಯ ಮೇಲಿನ ಗಾಡಿಯ ಕವೆ ಮುರಿದರೆ ಒಂದು ದೀಪ ಒಡೆದೀತು. ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುವ ಹೆದ್ದಾರಿಯ ಇಳಿಜಾರಿನಲ್ಲಿ ಮುರಿದರೆ ಏನಾದೀತೆಂದು ಹೇಳಬೇಕಾಗಿಲ್ಲ. ನೋಡಲು ಹಳತು, ಬಳಸಲು ವಾಹನ. ಇಂಥ ವಸ್ತುವಿನ ವಿಷಯದಲ್ಲಿ ಒಂದು ಮಾತನ್ನು ನುಂಗಿದರೂ ಅದು ಬರಿಯ ಹಣದ ಮೋಸವಾಗಿ ಉಳಿಯುವುದಿಲ್ಲ.

ಹದಿನೈದು ಮತ್ತು ಆರು. ಮಾಳಿಗೆಯ ಕೆಲಸ ನಡೆದಿದ್ದ ಮನೆಗೆ ಒಂಬತ್ತು ಸಾವಿರ ಸಣ್ಣ ಮೊತ್ತವಲ್ಲ. ನಮ್ಮ ತ್ರಿಪುರಾಂತ ಕೆರೆಯ ಆಸುಪಾಸಿನ ಗವಿಗಳಲ್ಲಿ ಒಂದನ್ನು ನುಲಿಯ ಚಂದಯ್ಯನದೆಂದು ತೋರಿಸುತ್ತಾರೆ. ತಾನು ಹೊಸೆದ ಹಗ್ಗಕ್ಕೆ ಯೋಗ್ಯತೆಗೆ ಮೀರಿದ ಹೊನ್ನು ಬಂದಾಗ ಅದನ್ನು ಮುಟ್ಟಲೊಲ್ಲದೆ ಹೋದ ಶರಣ ಆತ. ಆ ಕಥೆಯನ್ನು ತರಗತಿಯಲ್ಲಿ ಹೇಳುವುದು ಸುಲಭ. ಆದರೆ ಹೋಟೆಲಿನವರು ಕೊಡುತ್ತೇನೆಂದದ್ದು ಅನ್ಯಾಯದ ಹಣವೇನೂ ಅಲ್ಲ. ದೋಷಗಳನ್ನೆಲ್ಲ ಕೇಳಿ, ತಿಳಿದು, ತಮಗೆ ಅಷ್ಟು ಬೆಲೆಯುಳ್ಳದ್ದೆಂದು ಕೊಡುವ ಹಣ. ಅದನ್ನು ಒಪ್ಪಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ನಾನಂತೂ ಒಪ್ಪಬಹುದೆಂದೇ ಹೇಳಿದೆ. ತೀರ್ಮಾನ ಅತ್ತೆಯದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗ್ವಾಡಿಗಿ ಹಾಕ್ಲಾಕ ಅವರ ಫೋಟೋ ಅದಲ್ಲಪಾ. ಇದು ಹೊಡೀಲಾಕ ತಂದಿದ್ದು” ಎಂದರು. ಹೋಟೆಲಿನವರಿಗೆ ಚಹಾ ಕೊಟ್ಟು ಕಳಿಸಿದೆವು.

ಅತ್ತೆ ಒಂದು ಷರತ್ತು ಹಾಕಿದರು: ಬಿರುಕು ಬಿಟ್ಟ ಕವೆಯೊಡನೆ ಗಾಡಿ ಅಂಗಳ ಬಿಡಕೂಡದು. ತರುಣ ತಾನೇ ಅಲೆದು ತಿರುಪಿನ ಎಳೆ ಹೊಂದುವ ಹಳೆಯದೊಂದು ಕವೆಯನ್ನು ತಂದ. ಮಿಸ್ತ್ರಿ ಅದನ್ನು ಕೂಡಿಸಿ, ಗುಂಡುಗಳನ್ನು ಬದಲಿಸಿ, ಟಯರು ಟ್ಯೂಬು ಹಾಕಿ ನಿಲ್ಲಿಸಿದರು. ಹಳೆಯ ಕವೆಯನ್ನು ಏನು ಮಾಡುತ್ತಾರೆಂದು ನೋಡುತ್ತಿದ್ದೆ. ಗರಗಸದಿಂದ ಅದನ್ನು ಎರಡಾಗಿ ಕೊಯ್ದರು. “ಇಡೀ ಬಿಟ್ರ ನಾಳಿ ಯಾರರೆ ಹಾಕ್ಕೋತಾರ ಸರ್” ಎಂದರು. ಕೆಲಸ ಬಲ್ಲವರ ಧರ್ಮಶಾಸ್ತ್ರಕ್ಕೆ ವ್ಯಾಖ್ಯಾನ ಬೇಡ.

ಉಳಿದ ದೋಷಗಳನ್ನು ನಾನು ಒಂದು ಹಾಳೆಯಲ್ಲಿ ಬರೆದೆ, ಹನ್ನೊಂದಾದುವು. ಸೀಟು ಹರಿದಿದೆ, ಹಿಂದಿನ ರಿಮ್ಮಿನಲ್ಲಿ ಕುಳಿಗಳಿವೆ, ಬಲದ ಕಾಟರ್ ಪಿನ್ನು ಬಿಚ್ಚಿಲ್ಲ, ಕವೆ ಮೂಲದ್ದಲ್ಲ ಎಂದು ಮೊದಲಾಗಿ. ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ಈ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲವೆಂದೂ ಸೇರಿಸಿದೆ. ಅದು ಈ ಗಾಡಿಯ ದೋಷವಲ್ಲ, ಆ ಕಾಲದ ಎಲ್ಲ ಗಾಡಿಗಳದು, ಆದರೂ ತಿಳಿದಿರಬೇಕು. ಪರೀಕ್ಷೆಯ ಗಡುವಿನ ಬಗ್ಗೆ ಸಣ್ಣದೊಂದು ಜಿಜ್ಞಾಸೆ ಬಂತು. ಸೈಕಲ್ಲು ಲೋಹವೆಂದರೆ ಒಂದು ದಿನ, ವಾಹನವೆಂದರೆ ಐದು. ಗಣಿತದ ಮೇಷ್ಟರು ಎತ್ತಿನ ಪಕ್ಷವನ್ನೇ ಹಿಡಿದರು. ವಿಜ್ಞಾನೇಶ್ವರನ ಊರಿನಲ್ಲಿದ್ದುಕೊಂಡು ನಾನು ಇಲ್ಲವೆನ್ನಲಾಗಲಿಲ್ಲ.

ಆರನೆಯ ದಿನ ಹಣದೊಡನೆ ಬಂದ. ಹಿಂದಿನ ಬ್ರೇಕು ತಡೆದು ತಡೆದು ಹಿಡಿಯುತ್ತದೆ ಎಂದ. ಹಾಳೆ ತೆಗೆದು ನೋಡಿದೆವು; ರಿಮ್ಮಿನ ಕುಳಿಗಳ ವಿಷಯ ಎರಡನೆಯ ಸಾಲಿನಲ್ಲಿಯೇ ಇತ್ತು. “ಆಯಿ, ನನ್ನ ತಕರಾರೇನಿಲ್ಲ” ಎಂದು ಅತ್ತೆಯ ಕೈಯಲ್ಲಿ ಹಣವನ್ನಿಟ್ಟ. ಅತ್ತೆ ಕನ್ನಡದಲ್ಲಿ ಸಹಿ ಹಾಕಿದರು. 1356 ಫಸಲಿಯ ಉರ್ದು ರಸೀದಿಯ ಮೂಲಪ್ರತಿ ಗಾಡಿಯೊಡನೆ ಹೋಗತಕ್ಕದ್ದೆಂದು ನಾನು ಹೇಳಿದಾಗ ಕೊಂಚ ತಡೆದು, ಅದನ್ನೂ ಕೊಟ್ಟರು. ಕೊಡುವ ಮೊದಲು ಓಣಿಯ ತುದಿಯ ಅಂಗಡಿಗೆ ನನ್ನನ್ನು ಕಳಿಸಿ ಒಂದು ಜೆರಾಕ್ಸ್ ತೆಗೆಸಿ ಇಟ್ಟುಕೊಂಡರು.